ಇಲ್ಲದ ಹಲ್ಲೇ ಗುರುತು

ಹನುಮಂತಣ್ಣನನ್ನು ನಾನು ಮೊದಲ ಸಲ ನೋಡಿದ್ದು 2003ರ ಚಳಿಗಾಲದಲ್ಲಿ, ಸೂರತ್‌ನ ಉಧ್ನಾದಲ್ಲಿರುವ ಒಂದು ಕಾರ್ ವರ್ಕ್‌ಶಾಪಿನಲ್ಲಿ. ಬೆಳಗಿನ ರೈಲಿಗೆ ವಡೋದರಾದಿಂದ ಹೊರಟು ಬಂದಿದ್ದೆ. ತಗಡಿನ ಮಾಡಿನ ಕೆಳಗೆ ಕಾರುಗಳು ಸಾಲಾಗಿ ನಿಂತಿದ್ದವು. ಗೋಡೆಯಾಚೆ ಪವರ್‌ಲೂಮ್‌ಗಳು ಬಡಿದುಕೊಳ್ಳುತ್ತಿದ್ದವು. ಸಾಲಿನ ಕೊನೆಯಲ್ಲಿ ಹಳೆಯ ಬಿಳಿ ಕಾರೊಂದು ಬಾನೆಟ್ ತೆರೆದುಕೊಂಡಿತ್ತು. ನಲವತ್ತು ದಾಟಿದ, ಸಣಕಲು ಮೈಯ ಒಬ್ಬರು ಅದರ ಮೇಲೆ ಬಾಗಿದ್ದರು. ಎಂಜಿನ್ ಓಡುತ್ತಿತ್ತು. ಅವರ ಬಲಗೈ ಡಿಸ್ಟ್ರಿಬ್ಯೂಟರನ್ನು ಹಿಡಿದಿತ್ತು. ಎಡಗೈ ಮಡಚಿದ ಬಟ್ಟೆಯೊಂದನ್ನು ಎಂಜಿನ್ನಿನ ನೆತ್ತಿಗೆ ಒತ್ತಿತ್ತು. ಕಣ್ಣು ಮುಚ್ಚಿದ್ದವು. ಗಬ್ಬದ ಎಮ್ಮೆಯ ಪಕ್ಕೆಗೆ ಕೈಯಿಟ್ಟು ಒಳಗಿನ ಕರುವಿನ ಮಿಸುಕಾಟ ತಿಳಿಯುತ್ತಿದ್ದ ನಮ್ಮ ಅಜ್ಜಿ ನನಗೆ ನೆನಪಾದಳು.

ಬಲಗೈ ಕೂದಲೆಳೆಯಷ್ಟು ತಿರುಗಿತು. ಎಂಜಿನ್ನಿನ ನಡುಕ ಕಡಿಮೆಯಾಯಿತು. ಇನ್ನೊಂದು ಎಳೆ ತಿರುಗಿತು. ನಡುಕ ನಿಂತೇ ಹೋಯಿತು. ಕಿಡಿಯ ಟೈಮಿಂಗ್ ನೋಡುವ ಲೈಟು ಪಕ್ಕದ ಮೊಳೆಗೆ ಧೂಳು ಹಿಡಿದು ನೇತಾಡುತ್ತಿತ್ತು. ಅವರು ಅದನ್ನು ಮುಟ್ಟಲಿಲ್ಲ.

ಹತ್ತಿರದ ಕಿಟಕಿಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು: ‘ಸೌ. ಸುಶೀಲಾ ಹನುಮಂತ, ಗುಳೇದಗುಡ್ಡ.’ ಊರಿನಿಂದ ಅಷ್ಟು ದೂರದಲ್ಲಿ ಕನ್ನಡ ಅಕ್ಷರ ಕಂಡು ನನ್ನ ಎದೆ ತುಂಬಿತು. ಅವರ ಬೆನ್ನ ಹಿಂದೆ ನಿಂತು ಕೇಳಿದೆ: “ಅಣ್ಣಾ, ನೀವು ಕನ್ನಡದವರಾ?”

ಉತ್ತರವಿಲ್ಲ. ಮತ್ತೊಮ್ಮೆ ಜೋರಾಗಿ ಕೇಳಿದೆ. ಆಗಲೂ ಇಲ್ಲ. ಉಳಿದ ಮೆಕ್ಯಾನಿಕ್‌ಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾನು ಕಾರನ್ನು ಸುತ್ತಿ ಎದುರಿಗೆ ಬಂದೆ. ಅವರು ಕಣ್ಣು ತೆರೆದು ನನ್ನ ಕಣ್ಣನ್ನಲ್ಲ, ಬಾಯನ್ನೇ ನೋಡಿದರು. ಮೂರನೆಯ ಸಲ ಕೇಳಿದಾಗ ಮುಖವೆಲ್ಲ ಅರಳಿತು.

“ಅಯ್ಯ, ನಮ್ಮ ಕಡೇರೇನ್ರಿ! ಕನ್ನಡದಾಗ ತುಟಿ ಅಲ್ಲಾಡಿದ್ದು ನೋಡಿ ಭಾಳ ದಿನಾ ಆಗಿತ್ರಿ ಸರ.”

‘ಕನ್ನಡ ಕೇಳಿ’ ಎನ್ನದೆ ‘ತುಟಿ ಅಲ್ಲಾಡಿದ್ದು ನೋಡಿ’ ಎಂದದ್ದು ಆಗ ನನಗೆ ಬರೀ ತಮಾಷೆಯ ಮಾತಾಗಿ ಕಂಡಿತು.

ನಾನು ಯಾಕೆ ಅಲ್ಲಿಗೆ ಹೋಗಿದ್ದೆನೆಂದು ಹೇಳಬೇಕು. ನಾನು ಹಿರಿಯೂರು ಕಡೆಯ ಹಳ್ಳಿಯವನು. ನಮ್ಮ ಮನೆಯಲ್ಲಿ ಪದವಿ ಕಂಡ ಮೊದಲಿಗ. ಬಾಲ್ಯದಲ್ಲಿ ನಾನು ಕಂಡ ದೊಡ್ಡ ಯಂತ್ರವೆಂದರೆ ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್. ಎಂಜಿನಿಯರಿಂಗ್ ಮುಗಿಸಿದ ಮೇಲೆ ಕಾರು ಮಾರುವ ಸಂಸ್ಥೆಯೊಂದು ನನ್ನನ್ನು ತರಬೇತಿಯ ಕೆಲಸಕ್ಕೆ ಗುಜರಾತಿಗೆ ಕಳುಹಿಸಿತು. ವಡೋದರಾದ ಫತೇಗಂಜ್‌ನಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳ ವರ್ಕ್‌ಶಾಪ್‌ಗಳಿಗೆ ಓಡಾಡುತ್ತ ಮೆಕ್ಯಾನಿಕ್‌ಗಳಿಗೆ ಹೊಸ ಕಾರುಗಳ ವಿಷಯ ಹೇಳಿಕೊಡುತ್ತಿದ್ದೆ. ಆ ವರ್ಷ ಬಂದ ಕಾರಿನಲ್ಲಿ ಡಿಸ್ಟ್ರಿಬ್ಯೂಟರ್ ಎಂಬುದೇ ಇರಲಿಲ್ಲ.

ಇದು ಎಂಥ ಬದಲಾವಣೆ ಎಂದು ತಿಳಿಯಬೇಕಾದರೆ ಹಳೆಯದನ್ನು ಸ್ವಲ್ಪ ತಿಳಿದಿರಬೇಕು. ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತಿ ಹಿಡಿಯುತ್ತದೆ. ಸರಿಯಾದ ಕ್ಷಣಕ್ಕೆ ಸ್ಪಾರ್ಕ್ ಪ್ಲಗ್ ಅಲ್ಲಿ ಕಿಡಿ ಹಾರಿಸಬೇಕು. ಹಳೆಯ ಕಾರಿನಲ್ಲಿ ಕಿಡಿಯನ್ನು ಹಂಚುವುದು ಡಿಸ್ಟ್ರಿಬ್ಯೂಟರ್. ಪಂಕ್ತಿಯಲ್ಲಿ ಬಡಿಸುವವನು ಎಲೆಯಿಂದ ಎಲೆಗೆ ಹೋಗುವಂತೆ ಅದರೊಳಗಿನ ತೋಳು ತಿರುಗುತ್ತ ನಾಲ್ಕು ಪ್ಲಗ್‌ಗಳಿಗೆ ಒಂದೊಂದಾಗಿ ಕರೆಂಟ್ ಕೊಡುತ್ತದೆ. ಅದನ್ನು ತುಸು ಆಚೆ ತಿರುಗಿಸಿದರೆ ಕಿಡಿ ಬೇಗ ಬರುತ್ತದೆ, ಈಚೆ ತಿರುಗಿಸಿದರೆ ತಡ. ತಡವಾದರೆ ಗಾಡಿ ಎಳೆಯುವುದಿಲ್ಲ. ಬೇಗವಾದರೆ ಏರು ಹತ್ತುವಾಗ ಎಂಜಿನ್ನಿನೊಳಗೆ ಯಾರೋ ಚಮಚದಿಂದ ಕುಟ್ಟಿದ ಹಾಗೆ ಟಣಟಣ ಸದ್ದು ಬರುತ್ತದೆ. ಆ ಸದ್ದು ಕೇಳುವ ಕಿವಿಯೇ ಮೆಕ್ಯಾನಿಕ್‌ನ ಬಂಡವಾಳ.

ಹನುಮಂತಣ್ಣನಿಗೆ ಆ ಕಿವಿ ಇರಲಿಲ್ಲ.

ಅದು ನನಗೆ ಗೊತ್ತಾದದ್ದು ಎರಡನೆಯ ಸಲ ಸೂರತ್‌ಗೆ ಹೋದಾಗ. ಸೂಪರ್‌ವೈಸರ್ ಕನುಭಾಯಿ ಸೂರತ್‌ನವರೇ. ಬಾಯಲ್ಲಿ ಸದಾ ಮಾವಾ, ಅಂದರೆ ಅಡಿಕೆ-ತಂಬಾಕಿನ ಮಿಶ್ರಣ. ಒಂದು ಕಾರಿನ ನೀರಿನ ಪಂಪ್ ಸೋರುತ್ತಿತ್ತು. ಅವರು ಆಚೆ ಬದಿಯಿಂದ ಹನುಮಂತಣ್ಣನಿಗೆ “ಹನುಮಾನ್, ಪಂಪ್ ಖೋಲ್ ದೇ” ಎಂದು ಪಂಪ್ ಬಿಚ್ಚಲು ಹೇಳಿ ಚಹಾಕ್ಕೆ ಹೋದರು. ಮರಳಿ ಬಂದಾಗ ಪಂಪ್ ಇದ್ದಲ್ಲೇ ಇತ್ತು. ಕಾರಿನ ಮುಂದಿನ ಬಂಪರ್ ಒರೆಸಿಕೊಂಡು, ಚೊಕ್ಕಟವಾಗಿ ನೆಲದ ಮೇಲೆ ಮಲಗಿತ್ತು.

“ಅರೆ, ಆ ಶು ಕರ್ಯು? ಇದೇನು ಮಾಡಿದೆ? ಬಂಪರ್ ಯಾಕೋ ಬಿಚ್ಚಿದೆ?”

ಹನುಮಂತಣ್ಣ ಅವರ ಬಾಯನ್ನು ನೋಡಿದರು, ನೆಲದ ಮೇಲಿನ ಬಂಪರನ್ನು ನೋಡಿದರು. ಮುಖ ಬಿಳಿಚಿಕೊಂಡಿತು. ಆಮೇಲೆ “ಒಳಗಿನ ತುಕ್ಕು ನೋಡಬೇಕಿತ್ತು ಸೇಠ್” ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವರ ಹೆಸರು ‘ಬಂಪರ್‌ಭಾಯಿ’ ಆಯಿತು.

ನಾನು ನಗಲಿಲ್ಲ. ರೈಲಿಗೆ ಕಾಯುತ್ತ ಕುಳಿತಾಗ ಸುಮ್ಮನೆ ‘ಪಂಪ್’, ‘ಬಂಪರ್’ ಎಂದು ದನಿಯಿಲ್ಲದೆ ಹೇಳಿ ನೋಡಿದೆ. ತುಟಿಗಳು ಎರಡಕ್ಕೂ ಒಂದೇ ಬಗೆಯಲ್ಲಿ ಸೇರಿ ಬಿಡುತ್ತವೆ.

ಮುಂದಿನ ವಾರ ಹನುಮಂತಣ್ಣ ನನ್ನನ್ನು ಊಟಕ್ಕೆ ಮನೆಗೆ ಕರೆದೊಯ್ದರು. ಉಧ್ನಾ ರೈಲು ಹಳಿಯ ಹತ್ತಿರ ಎರಡು ಕೋಣೆಯ ಮನೆ. ಅವರ ಹೆಂಡತಿ ಸುಶೀಲಕ್ಕ ಬಿಸಿ ರೊಟ್ಟಿ ಬಡಿಯುತ್ತಿದ್ದರು. ಸೂರತ್‌ನವರು ಪೋಂಕ್ ಎಂದು ಕರೆಯುವ ಎಳೆ ಜೋಳ ತಟ್ಟೆಯಲ್ಲಿತ್ತು.

“ಇದಕ್ಕ ಇಲ್ಲಿ ಮಂದಿ ಸೇವ್ ಹಾಕ್ಕೊಂಡು ತಿಂತಾರ್ರಿ. ಏನೇ ಹೆಸರಿಡಲಿ, ಇದು ನಮ್ಮ ಸೀತನೀನ” ಎಂದರು ಹನುಮಂತಣ್ಣ.

ನಾನು ಅವರ ಎದುರಿಗೇ ಕುಳಿತು, ತುಟಿ ಕಾಣುವಂತೆ ಕೇಳಿದೆ: “ಹನುಮಂತಣ್ಣ, ನಿಮಗೆ ಎಷ್ಟು ಕೇಳಿಸುತ್ತದೆ?”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಮಾತಾಡಿದ್ದು ಸುಶೀಲಕ್ಕ.

“ಏನೂ ಇಲ್ರಿ. ಗುಳೇದಗುಡ್ಡದಾಗ ಖಣ ನೇಯ್ತಿದ್ರು. ಇಲ್ಲಿ ಲೂಮಿಗೆ ಬಂದ್ರು. ಆ ಸಪ್ಪಳ ಕಿವಿ ತಿಂದು ಬಿಡ್ತು. ಲೂಮಿನಾಗ ಯಾರಿಗೂ ಯಾರ ಮಾತೂ ಕೇಳೂದಿಲ್ರಿ, ಎಲ್ಲಾರೂ ತುಟಿ ನೋಡೇ ಮಾತಾಡೂದು. ಅದ ರೂಢಿ ಇವರನ್ನ ಈತನಕಾ ಕಾದೈತಿ. ಗ್ಯಾರೇಜಿನಾಗ ಮೊದಮೊದಲು ಒಂದೀಟು ಕೇಳ್ತಿತ್ತು, ಈಗ ಅದೂ ಇಲ್ಲ.” ಆಮೇಲೆ ನಕ್ಕು, “ಇವರಿಗೆ ಬೈಬೇಕಂದ್ರ ನಾ ಒಲಿ ಕಡೆ ಮಾರಿ ಮಾಡಿ ಬೈತೀನ್ರಿ” ಎಂದರು.

ಹನುಮಂತಣ್ಣ ಹೆಂಡತಿಯ ತುಟಿ ಓದಿ ಮುಗಿಸಿದ್ದರು. “ಬೆನ್ನ ಹಿಂದಿಂದೂ ಗೊತ್ತಾಕ್ಕೈತ್ರಿ ಸರ. ಬೈಯ್ಯೂವಾಗ ಆಕಿ ಭುಜ ಕುಣಿತಾವ!”

ನಗು ಮುಗಿದ ಮೇಲೆ ಅವರು ಮೆಲ್ಲಗೆ ಹೇಳಿದರು. ಒಬ್ಬ ಗಿರಾಕಿಯ ಹಳೇ ಕಾರು ಎರಡು ಸಲ ಮರಳಿ ಬಂದಿತ್ತು. ನಿಂತಲ್ಲಿ ಸರಿಯಾಗಿ ಓಡುವ ಗಾಡಿ ಸೇತುವೆ ಹತ್ತುವಾಗ ಟಣಟಣ ಎನ್ನುತ್ತಿತ್ತಂತೆ. ಅಂಗೈಗೆ ನಡುಕ ಸಿಗುತ್ತದೆ, ಆದರೆ ಓಡುವ ಗಾಡಿಯ ಆ ಸಣ್ಣ ಸದ್ದು ಸಿಗುವುದಿಲ್ಲ. ಹೊಸ ಕಾರುಗಳ ಪಾಠ ಮುಗಿದ ಮೇಲೆ ಕನುಭಾಯಿ ಒಂದು ಪರೀಕ್ಷೆ ಇಡುವವರಿದ್ದರು. ಅದರಲ್ಲಿ ಸೋತರೆ ಹನುಮಂತಣ್ಣ ಬೋಲ್ಟ್ ಬಿಚ್ಚುವ ಪಾನೆ ಕೆಳಗಿಟ್ಟು ಕಾರು ತೊಳೆಯುವ ಕಡೆಗೆ ಹೋಗಬೇಕು.

“ಮಗ್ಗ ಹೋತು, ಕಿವಿ ಹೋತು. ಪಾನೆ ಒಂದು ಉಳಿದೈತಿ. ಅದನ್ನ ಬಿಡಿಸಬ್ಯಾಡ್ರಿ ಅಂತ ಕೇಳಾಕ ಕರದೇನ್ರಿ. ಕನುಭಾಯಿಗೆ ಹೇಳಬ್ಯಾಡ್ರಿ.”

ನಾನು ಹೇಳುವುದಿಲ್ಲ ಎಂದೆ. ಅವರಿಗೆ ಇನ್ನೊಂದು ಮಾತನ್ನೂ ಹೇಳಿದೆ: ಬರುತ್ತಿರುವ ಗಾಡಿಯಲ್ಲಿ ತಿರುಗಿಸಲು ಏನೂ ಇಲ್ಲ, ಆದ್ದರಿಂದ ಕೇಳಲೂ ಏನೂ ಇಲ್ಲ. ಅವರು ನಂಬಲಿಲ್ಲ. “ಕಿಡಿ ಹಂಚಾವ ಇಲ್ಲಂದ್ರ ಹಂಚೂದು ಹೆಂಗ್ರಿ?”

ಆ ಪ್ರಶ್ನೆಗೆ ಉತ್ತರವೇ ನನ್ನ ಪಾಠವಾಯಿತು. ಪಾಠದ ದಿನ ಎಲ್ಲರನ್ನೂ ಹೊಸ ಕಾರಿನ ಸುತ್ತ ನಿಲ್ಲಿಸಿದೆ. ಹನುಮಂತಣ್ಣ ನನ್ನ ಎದುರಿಗೇ ನಿಂತರು. ನಾನು ಒಮ್ಮೆಯೂ ಮುಖ ತಿರುಗಿಸಲಿಲ್ಲ. ಬಿಚ್ಚಿ ತಂದಿದ್ದ, ಸುತ್ತಲೂ ಹಲ್ಲುಗಳಿರುವ ಚಕ್ರವೊಂದನ್ನು ಮೇಜಿನ ಮೇಲಿಟ್ಟೆ. ಇದು ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಜೊತೆ ತಿರುಗುತ್ತದೆ. ಪಕ್ಕದಲ್ಲಿ ಬೆರಳುದ್ದದ ಒಂದು ಸೆನ್ಸರ್ ಇದೆ, ಒಳಗೆ ಅಯಸ್ಕಾಂತ. ಪ್ರತಿ ಹಲ್ಲು ಎದುರಿಗೆ ಹಾದಾಗ ಅದರಲ್ಲಿ ಸಣ್ಣದೊಂದು ಕರೆಂಟ್ ಮಿಡಿಯುತ್ತದೆ. ಆ ಮಿಡಿತಗಳನ್ನು ಕಾರಿನೊಳಗಿನ ಪುಟ್ಟ ಕಂಪ್ಯೂಟರ್ ಎಣಿಸುತ್ತದೆ.

“ಎಲ್ಲಾ ಹಲ್ಲೂ ಒಂದೇ ಥರ ಇವೆ. ಪಿಸ್ಟನ್ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?” ಎಂದು ಒಬ್ಬ ಕೇಳಿದ.

ನಾನು ಉತ್ತರಿಸುವ ಮೊದಲೇ ಹನುಮಂತಣ್ಣ ಚಕ್ರವನ್ನು ಕೈಗೆತ್ತಿಕೊಂಡಿದ್ದರು. ಹೆಬ್ಬೆರಳನ್ನು ಹಲ್ಲುಗಳ ಮೇಲೆ ಸರಿಸುತ್ತ ಹೋದರು. ಒಂದು ಜಾಗದಲ್ಲಿ ಬೆರಳು ನಿಂತಿತು. ಅಲ್ಲಿ ಎರಡು ಹಲ್ಲು ಇರಲಿಲ್ಲ. ಮುರಿದದ್ದಲ್ಲ, ಬೇಕೆಂದೇ ಬಿಟ್ಟದ್ದು.

ಅವರು ನನ್ನ ಕಡೆ ನೋಡಿ ಕನ್ನಡದಲ್ಲೇ ಹೇಳಿದರು: “ಸರ, ಮಗ್ಗದ ಹಣಿಗಿಗೂ ಹಲ್ಲು ಇರ್ತಾವ. ಒಂದು ಹಲ್ಲಿನಾಗ ಎಳಿ ಹಾಕೂದು ತಪ್ಪಿದ್ರ ಸೀರಿ ಉದ್ದಕ್ಕೂ ಗೆರಿ ಬೀಳ್ತೈತಿ. ಸಾವಿರ ಎಳಿ ಕಣ್ಣಿಗೆ ಕಾಣೂದಿಲ್ಲ. ಇಲ್ಲದ ಒಂದು ಎಳಿ ಕಾಣ್ತೈತಿ. ಇದೂ ಹಂಗ ಏನ್ರಿ? ಇಲ್ಲದ ಹಲ್ಲೇ ಗುರುತು?”

ಹೌದು, ಹಾಗೆಯೇ. ಮಿಡಿತ ಬರುತ್ತ ಬರುತ್ತ ಒಂದು ಕ್ಷಣ ಖಾಲಿಯಾದಾಗ ಕಂಪ್ಯೂಟರಿಗೆ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಅಲ್ಲಿಂದ ಹಲ್ಲು ಎಣಿಸಿಕೊಂಡು ಯಾವ ಪಿಸ್ಟನ್ ಎಲ್ಲಿಗೆ ಬಂತೆಂದು ಲೆಕ್ಕ ಹಾಕುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಒಂದು ಸೆಕೆಂಡಿಗೆ ಐವತ್ತು ಸುತ್ತು ತಿರುಗುವಾಗಲೂ ಈ ಲೆಕ್ಕ ತಪ್ಪುವುದಿಲ್ಲ. ಸರಿಯಾದ ಹಲ್ಲಿಗೆ ಅದು ಕಾಯಿಲ್ ಎಂಬ ತಂತಿಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟನ್ನು ತಟ್ಟನೆ ಕಡಿಯುತ್ತದೆ. ಬ್ಯಾಟರಿಯ ಹನ್ನೆರಡು ವೋಲ್ಟ್ ಆ ಕಡಿತದಲ್ಲಿ ಸಾವಿರಾರು ವೋಲ್ಟ್ ಆಗಿ ಎದ್ದು ಪ್ಲಗ್‌ನ ಸಂದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಕಾಲೇಜಿನಲ್ಲಿ ಇದನ್ನೆಲ್ಲ ಓದಿ ಬರೆದು ಅಂಕ ಪಡೆದಿದ್ದೆ. ಹಲ್ಲಿಲ್ಲದ ಜಾಗದಿಂದ ಗುರುತು, ಕರೆಂಟ್ ನಿಂತ ಗಳಿಗೆಯಿಂದ ಕಿಡಿ! ಇಲ್ಲದ್ದರ ಮೇಲೆಯೇ ಇಡೀ ಗಾಡಿ ನಡೆಯುತ್ತದೆಂದು ಅವತ್ತು ಮೊದಲ ಬಾರಿಗೆ ಕಂಡಂತಾಯಿತು.

ಆಮೇಲೆ ಕಾಯಿಲ್‌ಗಳ ವಿಷಯಕ್ಕೆ ಬಂದೆ. ಸಿಲಿಂಡರ್ ನಾಲ್ಕು, ಕಾಯಿಲ್ ಎರಡೇ. ಒಂದನೆಯ ಮತ್ತು ನಾಲ್ಕನೆಯ ಪ್ಲಗ್‌ಗಳಿಗೆ ಒಂದು ಕಾಯಿಲ್, ಎರಡು ಮತ್ತು ಮೂರಕ್ಕೆ ಇನ್ನೊಂದು. ಒಂದು ಮತ್ತು ನಾಲ್ಕರ ಪಿಸ್ಟನ್‌ಗಳು ಒಟ್ಟಿಗೇ ಮೇಲೇರುತ್ತವೆ, ಒಟ್ಟಿಗೇ ಇಳಿಯುತ್ತವೆ. ಒಂದರಲ್ಲಿ ಉರಿಯಬೇಕಾದ ಮಿಶ್ರಣ ಒತ್ತಿಕೊಂಡಿದ್ದರೆ ಇನ್ನೊಂದರಲ್ಲಿ ಉರಿದು ಮುಗಿದ ಹೊಗೆ ಹೊರಗೆ ಹೋಗುತ್ತಿರುತ್ತದೆ. ಕಾಯಿಲ್ ಎರಡಕ್ಕೂ ಒಂದೇ ಸಲಕ್ಕೆ ಕಿಡಿ ಕೊಡುತ್ತದೆ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಹೊಗೆಯಲ್ಲಿ ಹಾಳಾಗುತ್ತದೆ.

ಕನುಭಾಯಿ ಮಾವಾ ಉಗುಳಿ ಬಂದರು. “ಅರ್ಧಕ್ಕರ್ಧ ಕಿಡಿ ವೇಸ್ಟ್? ಆ ಕಂಪನಿಯವರನ್ನು ಸೂರತ್‌ಗೆ ಕರೆಸಿ. ಇಂಥ ಧಂಧಾ ಇಲ್ಲಿ ಎರಡು ದಿನ ನಡೆಯೋದಿಲ್ಲ!”

ಎಲ್ಲರೂ ನಕ್ಕರು. ನಾನು ವಿವರಿಸಿದೆ. ಒತ್ತಡವಿಲ್ಲದ ಹೊಗೆಯಲ್ಲಿ ಕಿಡಿ ಹಾರಲು ಅತಿ ಕಡಿಮೆ ಶಕ್ತಿ ಸಾಕು, ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಇನ್ನು, ಒಂದು ಸಲ ಉರಿದು ಮತ್ತೆ ಉರಿಯುವಷ್ಟರಲ್ಲಿ ಚಕ್ರ ಎರಡು ಸುತ್ತು ಬಂದಿರುತ್ತದೆ. ಆದ್ದರಿಂದ ಎರಡು ಪಿಸ್ಟನ್‌ಗಳು ಮೇಲೆ ಬಂದವೆಂದು ಚಕ್ರ ಹೇಳಬಲ್ಲದು, ಅವುಗಳಲ್ಲಿ ಯಾವುದರ ಸರದಿ ಎಂದು ಹೇಳಲಾರದು. ಎರಡಕ್ಕೂ ಕಿಡಿ ಕೊಟ್ಟುಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ.

ಹನುಮಂತಣ್ಣ ಅದನ್ನು ತಮ್ಮ ಹಿಂದಿಯಲ್ಲಿ ಉಳಿದವರಿಗೆ ಹೇಳಿದರು: “ಜುಡ್ವಾ ಬಚ್ಚೇ ಹೈ. ಅವಳಿ ಮಕ್ಕಳು. ಯಾರಿಗೆ ಹಸಿವಾಗಿದೆ ಅಂತ ತಾಯಿಗೆ ಗೊತ್ತಿಲ್ಲ. ಇಬ್ಬರ ಮುಂದೂ ರೊಟ್ಟಿ ಇಡ್ತಾಳೆ. ಹಸಿದವ ತಿಂತಾನೆ, ಇನ್ನೊಬ್ಬ ಆಡ್ತಾನೆ.”

ಕೊನೆಯಲ್ಲಿ ಎಂಜಿನ್ನಿನ ಪಕ್ಕೆಗೆ ಬಿಗಿದ ಬೋಲ್ಟಿನಂಥ ಸಣ್ಣ ತುಂಡೊಂದನ್ನು ತೋರಿಸಿದೆ. ಒಳಗೆ ಟಣಟಣ ಶುರುವಾದರೆ ಇದು ಆ ನಡುಕವನ್ನು ಹಿಡಿದು ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡುತ್ತದೆ, ಸದ್ದು ನಿಲ್ಲುತ್ತದೆ. ಹನುಮಂತಣ್ಣ ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಮುಟ್ಟಿದರು.

“ಗಾಡಿಗೇ ಕಿವಿ ಇಟ್ಟಾರಲ್ರಿ ಸರ” ಎಂದರು.

ಪರೀಕ್ಷೆಯ ದಿನ ನಾನು ಅಹಮದಾಬಾದಿನ ಕೆಲಸ ಮುಗಿಸಿಕೊಂಡು ಬಂದೆ. ದೋಷವನ್ನು ತಾನೇ ಮಾಡಿ ಇಡುತ್ತೇನೆಂದು ಕನುಭಾಯಿ ಹಟ ಹಿಡಿದಿದ್ದರು. ಏನು ಮಾಡಿದ್ದಾರೆಂದು ನನಗೂ ಹೇಳಿರಲಿಲ್ಲ. ಒಬ್ಬೊಬ್ಬರೇ ಹೋಗಿ ಓಡುತ್ತಿರುವ ಎಂಜಿನ್ ನೋಡಿ ದೋಷ ಹೇಳಬೇಕು.

ಮೊದಲನೆಯವನು ತಲೆ ಓರೆಮಾಡಿ ಕೇಳಿ, ಪ್ಲಗ್ ಕೆಟ್ಟಿದೆ ಎಂದ. ಎರಡನೆಯವನು ಪೆಟ್ರೋಲಿನಲ್ಲಿ ಕಸ ಇದೆ ಎಂದ. ನನಗೆ ಎಂಜಿನ್ನಿನ ಸದ್ದು ಹದವಾಗಿಯೇ ಕೇಳಿಸುತ್ತಿತ್ತು. ನಾನೇ ಏನೋ ತಪ್ಪಿ ಕೇಳುತ್ತಿದ್ದೇನೆಂದು ಅಂಜಿದೆ.

ಹನುಮಂತಣ್ಣ ಬಟ್ಟೆ ಮಡಚಿ ಎಂಜಿನ್ ಮೇಲಿಟ್ಟು ಅಂಗೈ ಒತ್ತಿದರು. ಡ್ಯಾಶ್‌ಬೋರ್ಡಿನಲ್ಲಿ ದೋಷ ತೋರಿಸುವ ಎಂಜಿನ್ ದೀಪ ಹೊತ್ತಿದೆಯೇ ಎಂದು ಇಣುಕಿದರು. ಕಾಯಿಲ್‌ನಿಂದ ಪ್ಲಗ್‌ಗಳವರೆಗೆ ವೈರುಗಳನ್ನು ಕಣ್ಣಿನಿಂದಲೇ ಹಿಂಬಾಲಿಸಿದರು. ನಂತರ ಕನುಭಾಯಿಯ ಕಡೆ ತಿರುಗಿದರು.

“ಏನೂ ಇಲ್ಲ ಸೇಠ್. ಗಾಡಿ ಬರಾಬರ್ ಇದೆ.”

ವರ್ಕ್‌ಶಾಪೆಲ್ಲ ಗೊಳ್ಳೆಂದಿತು. “ಬಂಪರ್‌ಭಾಯಿಗೆ ಏನು ಕೇಳಿಸುತ್ತೆ ಬಿಡಿ!” ಎಂದು ಯಾರೋ ಹಿಂದಿನಿಂದ ಕೂಗಿದರು. ಅದು ಅವರಿಗೆ ಕೇಳಿಸಲಿಲ್ಲ, ಆದರೆ ನಗುವ ಬಾಯಿಗಳು ಕಂಡವು.

ಕನುಭಾಯಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ಏನೂ ಇಲ್ಲವಾ? ಒಂದನೆಯ ವೈರನ್ನು ನಾಲ್ಕಕ್ಕೆ, ನಾಲ್ಕರದ್ದನ್ನು ಒಂದಕ್ಕೆ ನನ್ನ ಕೈಯಾರೆ ಹಾಕಿದ್ದೇನೆ! ವೈರ್ ಅದಲುಬದಲಾದರೆ ಗಾಡಿ ಹೇಗೆ ಬರಾಬರ್ ಇರುತ್ತೆ?”

“ವೈರ್ ಬದಲಾಗಿದ್ದು ನೋಡಿದೆ. ಆದರೆ ಇವು ಅವಳಿ, ಸೇಠ್. ರೊಟ್ಟಿ ಇಬ್ಬರಿಗೂ ಒಂದೇ ಹೊತ್ತಿಗೆ ಬರುತ್ತೆ. ತಟ್ಟೆ ಬದಲಾದರೆ ಏನಾಯ್ತು?”

ನನಗೆ ಆಗ ಹೊಳೆಯಿತು, ಜೋರಾಗಿ ನಕ್ಕೆ. ಡಿಸ್ಟ್ರಿಬ್ಯೂಟರಿನ ಕಾಲದಲ್ಲಿ ಯಾವ ಎರಡು ವೈರ್ ಅದಲುಬದಲಾದರೂ ಎಂಜಿನ್ ಒದೆಯುತ್ತಿತ್ತು. ಕೈ ಕಪ್ಪಾಗುವಷ್ಟು ಕಾಲ ಹಳೆಯ ಗಾಡಿ ರಿಪೇರಿ ಮಾಡಿದವರು ಮಾತ್ರ ಮಾಡಬಲ್ಲ ತಪ್ಪನ್ನು ಕನುಭಾಯಿ ಮಾಡಿದ್ದರು. ದೋಷವೇ ಆಗದ ದೋಷ ಇಟ್ಟಿದ್ದರು. ಅದು ಇದೆಯೆಂದು ನಂಬಿದ ಕಿವಿಗಳಿಗೆ ಅದು ಕೇಳಿಸಿಯೂಬಿಟ್ಟಿತ್ತು.

ಹನುಮಂತಣ್ಣ ಎಂಜಿನ್ ನಿಲ್ಲಿಸಿದರು. ಒಂದು ಮತ್ತು ಎರಡರ ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಸ್ಟಾರ್ಟ್ ಮಾಡಿದರು. ಕಾರು ಚಳಿಜ್ವರ ಬಂದಂತೆ ಗಡಗಡ ನಡುಗಿತು. ಕನುಭಾಯಿಯ ಕೈ ಹಿಡಿದು ಅದರ ಮೇಲಿಟ್ಟರು. “ಇದು ಬೇರೆಯವರ ಮಗನ ತಟ್ಟೆ” ಎಂದರು.

ಕನುಭಾಯಿ ಕೈ ತೆಗೆಯದೆ ಹಾಗೆಯೇ ನಿಂತರು. ಆಗ ಹನುಮಂತಣ್ಣ ತಾವಾಗಿಯೇ, ಎಲ್ಲರೆದುರಿಗೆ ಹೇಳಿದರು: “ಸೇಠ್, ಮುಝೇ ಸುನಾಯಿ ನಹೀಂ ದೇತಾ. ನನಗೆ ಕಿವಿ ಕೇಳುವುದಿಲ್ಲ. ಹಳೇ ಗಾಡಿಯಲ್ಲಿ ನನ್ನಿಂದ ತಪ್ಪಾಗುತ್ತೆ. ಈ ಗಾಡಿಯಲ್ಲಿ ಆಗುವುದಿಲ್ಲ. ಇದಕ್ಕೆ ಅದರದ್ದೇ ಕಿವಿ ಇದೆ. ನನ್ನನ್ನು ತೊಳೆಯಲು ಕಳುಹಿಸಬೇಡಿ.”

ಯಾರೂ ನಗಲಿಲ್ಲ. ಗೋಡೆಯಾಚೆಯ ಲೂಮ್‌ಗಳು ಬಡಿದುಕೊಳ್ಳುತ್ತಲೇ ಇದ್ದವು.

“ನೀನು ಬಂಪರ್ ಬಿಚ್ಚಿದ ದಿನವೇ ನನಗೆ ಅನುಮಾನ ಬಂದಿತ್ತೋ ಗಧೇಡಾ, ಕತ್ತೆ” ಎಂದರು ಕನುಭಾಯಿ. ಕೇಳಿಸುವುದಿಲ್ಲವೆಂಬುದು ನೆನಪಾಗಿ, ಹನುಮಂತಣ್ಣನ ಎದುರಿಗೆ ಬಂದು ನಿಂತು ಅದನ್ನೇ ಮತ್ತೊಮ್ಮೆ ನಿಧಾನವಾಗಿ ಹೇಳಿದರು. “ನೀನೇ ಬಾಯಿಬಿಟ್ಟು ಹೇಳಲಿ ಅಂತ ಕಾದಿದ್ದೆ. ಹೊಸ ಗಾಡಿಗಳು ನಿನ್ನವು. ಹಳೆಯದನ್ನು ಮುಟ್ಟಬೇಡ.” ಆಮೇಲೆ ಉಳಿದವರ ಕಡೆ ತಿರುಗಿದರು. “ಇನ್ನು ಮೇಲೆ ಇವನ ಹತ್ತಿರ ಮಾತಾಡುವವರು ಎದುರಿಗೆ ಬಂದು ಮಾತಾಡಿ. ಬಾಯಲ್ಲಿ ಮಾವಾ ಇಟ್ಟುಕೊಂಡು ಯಾರೂ ಮಾತಾಡಬಾರದು.”

“ಹಾಗಾದರೆ ಮೊದಲು ನೀವು ಉಗುಳಿ ಸೇಠ್. ಅರ್ಧ ಮಾತು ಅದರಲ್ಲೇ ವೇಸ್ಟ್ ಆಗ್ತಿದೆ” ಎಂದರು ಹನುಮಂತಣ್ಣ.

ಕನುಭಾಯಿ ಮುಖ ಕೆಂಪಗೆ ಮಾಡಿಕೊಂಡರು, ನಂತರ ಹೊರಗೆ ಹೋಗಿ ಉಗುಳಿ ಬಂದರು.

ಅಂದು ಸಂಜೆ ಸುಶೀಲಕ್ಕನಿಗೆ ಸುದ್ದಿ ಹೇಳಲು ನಾನೂ ಮನೆಗೆ ಹೋದೆ. ಅವರು ಕೇಳಿ ಒಲೆಯ ಕಡೆ ಮುಖ ತಿರುಗಿಸಿದರು. ಹನುಮಂತಣ್ಣ ಅವರ ಬೆನ್ನನ್ನೇ ನೋಡುತ್ತ ನನಗೆ ಹೇಳಿದರು: “ಭುಜ ಕುಣಿಯಾಕತ್ತಾವ. ಆದ್ರ ಇವತ್ತ ಬೈಯ್ಯಾಕತ್ತಿಲ್ರಿ ಆಕಿ.”

ಹನುಮಂತಣ್ಣ ಈಗಲೂ ಉಧ್ನಾದ ಅದೇ ವರ್ಕ್‌ಶಾಪಿನಲ್ಲಿ ಹೊಸ ಕಾರುಗಳ ಎಂಜಿನ್ ರಿಪೇರಿ ಮಾಡುತ್ತಾರೆ.